ಹತ್ತು ದಿನಕ್ಕೊಂದು ಕಲ್ಲು

ನಮ್ಮೂರ ಸೈನೈಡ್ ದಿಬ್ಬದ ಮೇಲೆ ಒಂದು ಕಲ್ಲು ಕಂಡರೆ ಅದನ್ನು ಯಾರಾದರೂ ಅಲ್ಲಿಗೆ ಎಸೆದಿರಬೇಕು, ಇಲ್ಲದಿದ್ದರೆ ಅದು ಆಕಾಶದಿಂದ ಬಿದ್ದಿರಬೇಕು. ಮೂರನೆಯ ದಾರಿ ಇಲ್ಲ. ಕೆಜಿಎಫ್‌ನಲ್ಲಿ ಗಣಿ ನಡೆದಷ್ಟು ಕಾಲವೂ ಭೂಮಿಯೊಳಗಿನ ಬಂಡೆಯನ್ನು ಮೇಲೆ ತಂದು, ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡು, ಮಿಕ್ಕ ಹಿಟ್ಟನ್ನು ಊರ ಪಕ್ಕ ಸುರಿದರು. ಆ ಹಿಟ್ಟೇ ಈಗ ಗುಡ್ಡವಾಗಿ ನಿಂತಿದೆ. ಅದರಲ್ಲಿ ಸಾಸಿವೆ ಕಾಳಿಗಿಂತ ದೊಡ್ಡ ಕಲ್ಲಿಗೆ ಜಾಗವೇ ಇಲ್ಲ. ಆ ಮಾಸಲು ಬಿಳುಪಿನ ಮೇಲೆ ಕಪ್ಪು ಕಲ್ಲೊಂದು ಬಿದ್ದರೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಇದು ಹೊಳೆದದ್ದು ನನಗಲ್ಲ, ನನ್ನಪ್ಪ ಪಿಳ್ಳಪ್ಪನಿಗೆ. ನಾನು ನಾಗವೇಣಿ, ಎಂ.ಎಸ್ಸಿ. ಮಾಡಿಕೊಂಡವಳು. ಹದಿಮೂರು ವರ್ಷದಿಂದ ಪ್ರಯೋಗಾಲಯದಲ್ಲಿ ಉಲ್ಕಾಶಿಲೆಗಳನ್ನು ಅಳೆಯುತ್ತಾ, ದಿನಾ ಆ ದಿಬ್ಬದ ಪಕ್ಕದಲ್ಲೇ ಸ್ಕೂಟರಿನಲ್ಲಿ ಓಡಾಡುತ್ತಾ, ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಅಪ್ಪ ಓದಿದ್ದು ಏಳನೇ ಕ್ಲಾಸು. ಹತ್ತೊಂಬತ್ತನೇ ವಯಸ್ಸಿಗೆ ಗಣಿಗಿಳಿದವನು, ಗಣಿ ಮುಚ್ಚುವ ಹೊತ್ತಿಗೆ ಅದೇ ಹಿಟ್ಟನ್ನು ಎದೆಯೊಳಗೂ ತುಂಬಿಕೊಂಡು ಮೇಲೆ ಬಂದಿದ್ದ. ಈಗ ಅರವತ್ತೊಂಬತ್ತು. ಉಸಿರಾಟಕ್ಕೆ ಮನೆಯಲ್ಲಿ ಆಮ್ಲಜನಕದ ಯಂತ್ರ, ಹೊರಗೆ ಹೋದರೆ ತೋಳಿಗೆ ನೇತುಹಾಕಿಕೊಳ್ಳುವ ಸಣ್ಣ ಸಿಲಿಂಡರು. ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಯ ಹಿತ್ತಲ ಗೋಡೆಗೆ ದಿಬ್ಬದ ಬುಡ ತಾಗಿಕೊಂಡೇ ಇದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಅಪ್ಪ ಹಿತ್ತಲ ಬಾಗಿಲು ತೆರೆದು, ಕೋಲೂರಿಕೊಂಡು ಇಪ್ಪತ್ತೋ ಮೂವತ್ತೋ ಹೆಜ್ಜೆ ಹೋಗಿ ನೋಡಿಕೊಂಡು ಬರುತ್ತಿದ್ದ. ನಾಲ್ಕು ವರ್ಷದಲ್ಲಿ ಎರಡು ಸಾಧಾರಣ ಉಲ್ಕೆಗಳನ್ನು ಹೆಕ್ಕಿದ್ದ. ಹುಡುಗರು ಹಂದಿಗೆ ಹೊಡೆದ ಕಲ್ಲುಗಳಿಗಂತೂ ಲೆಕ್ಕವಿಲ್ಲ.

೨೦೪೧ರ ಮಾರ್ಚ್ ಹನ್ನೊಂದರಂದು ಅವನು ನನ್ನ ಕೈಗೆ ನಿಂಬೆಹಣ್ಣಿನಷ್ಟು ಕಲ್ಲೊಂದನ್ನು ಹಾಕಿದ. ಒಂದು ಕಡೆ ಸುಟ್ಟ ಕರಿ ಸಿಪ್ಪೆ, ಉಳಿದ ಕಡೆ ಬೂದು ಬಣ್ಣ, ಅದರಲ್ಲಿ ಬಿಳಿ ಚೂರುಗಳು.

"ಇವತ್ತು ಬೆಳಿಗ್ಗೆ ಬಿದ್ದಿರೋದು. ನಿನ್ನೆ ಇರ್ಲಿಲ್ಲ" ಎಂದ. "ಅಯಸ್ಕಾಂತಕ್ಕೆ ಅಂಟಲ್ಲ ನೋಡು. ಕಬ್ಬಿಣದ ಜಾತಿ ಅಲ್ಲ ಇದು."

ಅಯಸ್ಕಾಂತಕ್ಕೆ ಅಂಟದ ಉಲ್ಕೆ ಎಂದರೆ ಅಪರೂಪದ್ದು. ಚಂದ್ರನಿಂದ ಬಂದ ಕಲ್ಲುಗಳು ಹಾಗಿರುತ್ತವೆ. ಇಡೀ ಭೂಮಿಯಲ್ಲಿ ಈವರೆಗೆ ಸಿಕ್ಕವು ಕೆಲವು ನೂರು, ಅವೂ ಹೆಚ್ಚಿನವು ಮರುಭೂಮಿಯಲ್ಲೋ ಹಿಮದ ಮೇಲೋ ಸಿಕ್ಕಂಥವು. ಅಂಥದ್ದು ನಮ್ಮ ಹಿತ್ತಲಿನಲ್ಲಿ.

ಗಣಿ ಮುಚ್ಚಿದ ಮೇಲೆ, ಕೆಳಗಿಳಿಯುವ ಬಾವಿಗಳಾದ ಶಾಫ್ಟುಗಳಲ್ಲೆಲ್ಲ ನೀರು ನಿಂತಿತು. ಒಂದನ್ನು ಮಾತ್ರ ಪಂಪು ಹಾಕಿ ಒಣಗಿಸಿ, ನಾನೂರು ಮೀಟರ್ ಕೆಳಗೆ ನಮ್ಮ ಪ್ರಯೋಗಾಲಯ ಮಾಡಿದ್ದಾರೆ. ಬಾಹ್ಯಾಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳು ಅಷ್ಟು ಬಂಡೆ ದಾಟಿ ಕೆಳಗೆ ಬರುವುದು ಅಪರೂಪ. ಆದ್ದರಿಂದ ಅಲ್ಲಿ ಒಂದು ಕಲ್ಲನ್ನು ಸೀಸದ ಪೆಟ್ಟಿಗೆಯಲ್ಲಿಟ್ಟರೆ ಅದು ಹೊರಸೂಸುವ ಅತಿ ಕ್ಷೀಣ ವಿಕಿರಣವನ್ನೂ ಎಣಿಸಬಹುದು. ಆ ಎಣಿಕೆಯೇ ನನ್ನ ಕೆಲಸ.

ಅದರ ಹಿಂದಿನ ಉಪಾಯ ಕಷ್ಟದ್ದಲ್ಲ. ಚಂದ್ರನ ಆಳದಲ್ಲಿರುವ ಕಲ್ಲಿಗೆ ವಿಶ್ವಕಿರಣ ಮುಟ್ಟುವುದಿಲ್ಲ. ಏನೋ ಬಂದು ಬಡಿದು, ಅದು ಚಂದ್ರನಿಂದ ಸಿಡಿದು ಹೊರಟ ಕ್ಷಣದಿಂದ ಕಿರಣಗಳು ತಾಗತೊಡಗುತ್ತವೆ, ಕಲ್ಲಿನೊಳಗೆ ಎರಡು ಗಡಿಯಾರಗಳು ಓಡತೊಡಗುತ್ತವೆ. ಒಂದು ಬೆರಿಲಿಯಂ, ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಇನ್ನೊಂದು ಸೋಡಿಯಂ, ಬಲು ನಿಧಾನ. ಎರಡನ್ನೂ ಹೋಲಿಸಿದರೆ ಕಲ್ಲು ಎಷ್ಟು ದಿನ ದಾರಿಯಲ್ಲಿತ್ತೆಂದು ಹೇಳಬಹುದು. ಒಂದೇ ಒಂದು ಷರತ್ತು, ಅದು ನೆಲಕ್ಕೆ ಬಿದ್ದ ದಿನ ಖಚಿತವಾಗಿ ಗೊತ್ತಿರಬೇಕು. ಏಕೆಂದರೆ ಬಿದ್ದ ಮೇಲೆ ಬೆರಿಲಿಯಂ ಖಾಲಿಯಾಗುತ್ತಲೇ ಹೋಗುತ್ತದೆ, ಅದು ಕಡಿಮೆ ಕಂಡಷ್ಟೂ ಪ್ರಯಾಣ ಉದ್ದವೆಂದು ಲೆಕ್ಕ ಹೇಳುತ್ತದೆ. ಆ ದಿನವನ್ನು ಹೆಕ್ಕಿದವರೇ ಹೇಳಬೇಕು.

ಚಂದ್ರಶಿಲೆಗಳು ಸಾಮಾನ್ಯವಾಗಿ ಸಾವಿರಾರು ವರ್ಷ, ಲಕ್ಷಾಂತರ ವರ್ಷ ಅಲೆದಾಡಿ ಬರುತ್ತವೆ. ಅಪ್ಪನ ಕಲ್ಲು ಅರವತ್ತು ದಿನ ತೋರಿಸಿತು.

ನಮ್ಮ ಮುಖ್ಯಸ್ಥರು ಡಾ. ಹೆರಂಜಾಲ್. ಕರಾವಳಿಯವರು, ಮಾತು ಕಡಿಮೆ. ಪರದೆ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೊಮ್ಮೆ ಎಣಿಸಿ ನಾಗವೇಣಿ" ಎಂದರು. ಎಣಿಸಿದೆ. ಅರವತ್ತು. ಎರಡು ತಿಂಗಳ ಹಿಂದೆ ಚಂದ್ರನ ಆಚೆ ಮಗ್ಗುಲಿಗೆ ಏನೋ ಬಡಿದಿತ್ತು, ಯಾರೂ ನೋಡಿರಲಿಲ್ಲ. ಪತ್ರಿಕೆಯಲ್ಲಿ ನನ್ನ ಹೆಸರು ಬಂತು. ಅಪ್ಪ ಆ ಪುಟವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೀದಿಯಲ್ಲಿ ಕಂಡವರಿಗೆಲ್ಲ ತೋರಿಸಿದ.

ಹತ್ತು ದಿನ ಕಳೆಯಿತು. ಇಪ್ಪತ್ತೊಂದನೇ ತಾರೀಖು ನಾನು ಚಪ್ಪಲಿ ಹಾಕಿಕೊಳ್ಳುವಾಗ ಅಪ್ಪ ಹಿತ್ತಲಿನಿಂದ ಏದುಸಿರು ಬಿಡುತ್ತಾ ಬಂದ. "ವೇಣಿ, ಇನ್ನೊಂದು ಬಿದ್ದೈತೆ ನೋಡಮ್ಮ." ಈ ಸಲದ್ದು ಬೇಲದ ಹಣ್ಣಿನಷ್ಟು. ಅದನ್ನು ಪೆಟ್ಟಿಗೆಯಲ್ಲಿಟ್ಟು ಎಣಿಸಿದರೆ ಎಂಬತ್ತೇಳು ದಿನ ಬಂತು.

ಮಾರ್ಚ್ ಮೂವತ್ತೊಂದಕ್ಕೆ ಮೂರನೆಯದು. ಸಿಪ್ಪೆ ಸುಲಿಯದ ತೆಂಗಿನಕಾಯಿಗಿಂತ ಸ್ವಲ್ಪ ಚಿಕ್ಕದು. ನೂರಹತ್ತು ದಿನ.

ಮೂರು ಲೆಕ್ಕವನ್ನೂ ಒಂದರ ಕೆಳಗೊಂದು ಬರೆದು ನೋಡಿದ್ದು ಆವತ್ತೇ. ಹತ್ತು ದಿನಕ್ಕೊಂದು ಕಲ್ಲು. ಪ್ರತಿಯೊಂದೂ ಹಿಂದಿನದಕ್ಕಿಂತ ಐದಾರು ಪಟ್ಟು ದೊಡ್ಡದು, ಪ್ರತಿಯೊಂದೂ ಹಿಂದಿನದಕ್ಕಿಂತ ಹೆಚ್ಚು ದಿನ ದಾರಿ ಸವೆಸಿದ್ದು. ಸಣ್ಣವು ಹಗುರಾಗಿ ಮುಂದೆ ಓಡಿ ಬಂದಿವೆ, ದೊಡ್ಡವು ಹಿಂದಿನಿಂದ ಬರುತ್ತಿವೆ. ಮೂರೂ ಒಂದೇ ಬಗೆಯ ಶಿಲೆ, ಚಂದ್ರನ ಒಂದೇ ಜಾಗದ್ದು, ಹೊರಟ ದಿನಗಳು ಮಾತ್ರ ಬೇರೆ ಬೇರೆ, ಆ ಜಾಗಕ್ಕೆ ಹಲವು ಸಲ ಏನೋ ಬಡಿದಿರಬೇಕು. ಮೂರಕ್ಕೂ ಕರಿ ಸಿಪ್ಪೆ ಒಂದು ಮಗ್ಗುಲಿಗೆ ಮಾತ್ರ. ಗಾಳಿಯಲ್ಲಿ ಒಡೆದಿರಬೇಕು ಎಂದು ನಾವೇ ಬರೆದುಕೊಂಡೆವು. ಮೂರು ಉಲ್ಕೆಗಳು ಒಂದೇ ದಿಬ್ಬದ ಒಂದೇ ಮೂಲೆಗೆ ಬೀಳುವುದು ನಮಗೆ ಅನುಮಾನ ಹುಟ್ಟಿಸಬೇಕಿತ್ತು. ಹುಟ್ಟಿಸಿದ್ದು ಭಯವನ್ನು. ಕಲ್ಲುಗಳು ಸಾಲಾಗಿ ಬರುತ್ತಿವೆ, ನಮ್ಮೂರು ಆ ಸಾಲಿನ ಕೆಳಗಿದೆ ಎಂದುಕೊಂಡೆವು. ದಿಬ್ಬದ ಮೇಲೆ ಕಲ್ಲು ಕಾಣುತ್ತದೆ, ಹೊಲದಲ್ಲಿ ಬಿದ್ದರೆ ಯಾರು ನೋಡುತ್ತಾರೆ? ಒಂದು ಹಿತ್ತಲಿಗೆ ಮೂರು ಬಿದ್ದರೆ ಊರಿಗೆಲ್ಲ ಎಷ್ಟು ಬಿದ್ದಿರಬೇಕು? ಈ ಪ್ರಶ್ನೆಯನ್ನು ಗುಣಾಕಾರ ಮಾಡಿದವಳು ನಾನೇ. ಏಪ್ರಿಲ್ ಹತ್ತಕ್ಕೆ ಬರುವ ನಾಲ್ಕನೇ ಸಾಲಿನಲ್ಲಿ ಕುಂಬಳಕಾಯಿ ಗಾತ್ರದ ಕಲ್ಲುಗಳು, ಊರ ಮೇಲೆ ನೂರಾರು. ನಮ್ಮ ಲೈನ್ ಮನೆಗಳಿಗೆಲ್ಲ ತಗಡಿನ ಸೂರು.

ಬೆಂಗಳೂರಿನ ವಿಪತ್ತು ನಿರ್ವಹಣಾ ಸಮಿತಿಯವರು ಪರದೆಯ ಮೇಲೆ ಬಂದು ಎರಡು ಗಂಟೆ ಪ್ರಶ್ನೆ ಕೇಳಿದರು. ಕೊನೆಗೊಬ್ಬರು, "ಬಿದ್ದ ದಿನಾಂಕಗಳ ಮೇಲೇ ಎಲ್ಲಾ ನಿಂತಿದೆ. ಹೆಕ್ಕಿದವರು ನಂಬಿಕಸ್ಥರಾ?" ಎಂದರು.

"ನನ್ನ ತಂದೆ ಸರ್" ಎಂದೆ.

ಮುಂದೆ ಯಾರೂ ಆ ವಿಷಯ ಎತ್ತಲಿಲ್ಲ.

ಸುದ್ದಿ ಹೊರಬಿದ್ದದ್ದೇ ತಡ, ಊರು ಹುಚ್ಚೆದ್ದಿತು. ಅರ್ಧ ಜನ ಹೊಸದಾಗಿ ಬೀಳುವ ಕಲ್ಲು ಹೆಕ್ಕಲು ದಿಬ್ಬ ಹತ್ತಿದರು, ಇನ್ನರ್ಧ ಜನ ಮಂಚದ ಕೆಳಗೆ ಹಾಸಿಗೆ ಹಾಸಿದರು. ಎಲ್ಲೆಲ್ಲಿಂದಲೋ ಕಾರುಗಳಲ್ಲಿ ಬಂದವರು ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ದಿಬ್ಬವನ್ನು ಗುಡಿಸತೊಡಗಿದರು. ಅಪ್ಪ ಹಿತ್ತಲಲ್ಲಿ ಕೂತು ಅವರನ್ನು ನೋಡಿ ನಗುತ್ತಿದ್ದ, ನಕ್ಕು ನಕ್ಕು ಕೆಮ್ಮುತ್ತಿದ್ದ. ಹಳೆಯ ಗಣಿ ಹೆಲ್ಮೆಟ್ಟುಗಳು ಅಟ್ಟದಿಂದ ಇಳಿದವು. ಮಕ್ಕಳು ಅವನ್ನು ಹಾಕಿಕೊಂಡೇ ಶಾಲೆಗೆ ಹೋದವು. ಪಕ್ಕದ ಮನೆಯ ಆರೋಗ್ಯಮೇರಿ ಅಕ್ಕ, ನಾನು ಕೆಲಸಕ್ಕೆ ಹೋದಾಗ ಅಪ್ಪನನ್ನು ನೋಡಿಕೊಳ್ಳುವವರು, ಒಂದು ಸಂಜೆ ಸೆರಗಿನಲ್ಲಿ ಕಲ್ಲು ಸುತ್ತಿಕೊಂಡು ಬಂದರು.

"ಮಾದಾವೇ, ತಾಯೀ, ನಮ್ಮ ಅಡುಗೆಮನೆ ಒಳಗೇ ಬಿದ್ದಿದೆ ವೇಣಿ! ನೋಡು ನೋಡು."

"ಅಕ್ಕಾ, ಇದು ನಿಮ್ಮ ಒರಳುಕಲ್ಲಿನ ತುಂಡು."

ಅವರು ಅದನ್ನು ತಿರುಗಿಸಿ ನೋಡಿ, ಮೂಸಿ, "ಹೂಂ, ಬೆಳ್ಳುಳ್ಳಿ ವಾಸನೆ" ಎಂದು ಒಪ್ಪಿಕೊಂಡರು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ನನ್ನ ಕೈ ಹಿಡಿದು, "ನಿಜವಾಗ್ಲೂ ಬರುತ್ತಾ?" ಎಂದು ಕೇಳಿದರು. ಬರುತ್ತದೆ ಎಂದೆ. ನನಗೆ ಅಷ್ಟು ಖಾತ್ರಿಯಿತ್ತು.

ಊರು ಖಾಲಿ ಮಾಡಿಸುವ ಆದೇಶ ಏಪ್ರಿಲ್ ಆರಕ್ಕೆ ಬಂತು. ಎಂಟನೇ ತಾರೀಖು ಬೆಳಿಗ್ಗೆ ಮೊದಲ ಬಸ್ಸು, ಗಣಿ ಧೂಳಿನಿಂದ ಕಾಯಿಲೆಯಾದವರಿಗೆ. ಎದ್ದು ಓಡಲಾರದವರನ್ನು ಮೊದಲು ಸಾಗಿಸಬೇಕೆಂದು ಸಲಹೆ ಕೊಟ್ಟವಳೂ ನಾನೇ. ನಮ್ಮ ಲೈನಿನಲ್ಲಿ ಅಂಥವರು ಅಪ್ಪನೂ ಸೇರಿ ಹನ್ನೆರಡು ಮಂದಿ. ಆಂಬುಲೆನ್ಸುಗಳೆಲ್ಲ ಆಸ್ಪತ್ರೆಯಲ್ಲಿ ಮಲಗಿದವರಿಗೆ ಹೋಗಿದ್ದವು. ಕೂರಬಲ್ಲವರಿಗೆ ಬಸ್ಸೇ ಗತಿ.

ಅಪ್ಪನನ್ನು ನೋಡುವ ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದು ಹೇಳಿದರು. "ನೋಡಿ, ಈ ಬಿಸಿಲು, ಬಸ್ಸಿನ ಕುಲುಕಾಟ, ಆಮೇಲೆ ಶಿಬಿರದ ಧೂಳು. ಉಳಿದವರು ತಡ್ಕೊಬಹುದು. ನಿಮ್ಮ ತಂದೆ ತಡ್ಕೊಳ್ಳೋದು ಕಷ್ಟ. ನಾನು ಭರವಸೆ ಕೊಡಲಾರೆ."

"ಇಲ್ಲೇ ಬಿಟ್ರೆ?"

"ಅದನ್ನ ನೀವು ಹೇಳಬೇಕು. ಕಲ್ಲು ಬೀಳುತ್ತೆ ಅಂದವರು ನೀವು."

ಎರಡು ದಿನ ಅದೇ ಯೋಚನೆ. ನನ್ನ ಲೆಕ್ಕ ಸರಿಯಿದ್ದರೆ ಸೂರು ತೂತಾಗಿ ಅಪ್ಪ ಸಾಯುತ್ತಾನೆ, ಲೆಕ್ಕವನ್ನು ನಂಬಿ ಕರೆದುಕೊಂಡು ಹೋದರೆ ದಾರಿಯಲ್ಲಿ ಸಾಯುತ್ತಾನೆ. ಲೆಕ್ಕ ತಪ್ಪಿದ್ದರೆ ಒಳ್ಳೆಯದಿತ್ತು ಎಂದು ಹಾರೈಸುತ್ತಾ ನಾಲ್ಕು ಸಲ ತಿರುಗಿ ಮಾಡಿದೆ. ನಾಲ್ಕು ಸಲವೂ ಅದೇ ಉತ್ತರ. ಅಪ್ಪನೋ, ಆ ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹೆದರಿದ್ದಾನೆ ಅಂದುಕೊಂಡೆ.

ಎಂಟರ ಬೆಳಿಗ್ಗೆ ಬಸ್ಸು ಬೀದಿಯ ತುದಿಗೆ ಬಂದು ನಿಂತಿತು. ನಾನು ಅಪ್ಪನ ಮಾತ್ರೆ, ಬಟ್ಟೆ, ಎರಡು ಸಿಲಿಂಡರು ಚೀಲಕ್ಕೆ ತುಂಬುತ್ತಿದ್ದೆ.

"ವೇಣಿ, ಬಾಗ್ಲು ಆಕು. ಒಂದು ಮಾತೈತೆ."

"ಬಸ್ಸಲ್ಲಿ ಹೇಳು ಅಪ್ಪ."

"ಬಸ್ಸಲ್ಲಿ ಏಳೋದಲ್ಲ." ಅಪ್ಪ ಮಂಚದ ಅಂಚಿಗೆ ಬಂದು ಕೂತ. "ಆ ಮೂರೂ ಒಂದೇ ಕಲ್ಲು ಕಣಮ್ಮ. ಒಂದೇ ದಿನ ಬಿದ್ದಿದ್ದು. ಸುತ್ತಿಗೆ ತಗೊಂಡು ನಾನೇ ಒಡ್ದಿದ್ದು."

ನಾನು ಚೀಲದ ಜಿಪ್ಪು ಹಿಡಿದುಕೊಂಡೇ ನಿಂತೆ.

"ಮೈನ್ಸ್‌ನಲ್ಲಿ ನಮ್ಮ ಗ್ಯಾಂಗಿಗೆ ಒಳ್ಳೇ ತುಂಡು ಸಿಕ್ಕಿದ್ರೆ ಒಂದೇ ಸಲಕ್ಕೆ ಮೇಲಕ್ಕೆ ತರ್ತಿದ್ವಾ? ಒಡ್ದು, ಚಿಕ್ಕದು ಮೊದ್ಲು. ಯಾರೂ ಏನೂ ಕೇಳ್ಲಿಲ್ಲ ಅಂದ್ರೆ ಆಮೇಲೆ ಇನ್ನೊಂದು. ಸಿಕ್ಕಿದ್ದೆಲ್ಲಾ ಒಂದೇ ದಿನ ತೋರ್ಸೋನು ಪೆದ್ದ. ಕೈ ಅಂಗೇ ಕಲ್ತುಬಿಟ್ಟೈತೆ. ಅದೂ ಅಲ್ದೆ, ಒಂದೇ ಸಲ ಕೊಟ್ಟಿದ್ರೆ ಪೇಪರ್‌ನಲ್ಲಿ ಒಂದೇ ಸಲ ನಿನ್ನ ಎಸರು ಬರ್ತಿತ್ತು. ಮೂರು ಸಲ ಬರ್ಲಿ ಅಂತ..."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಊರೆಲ್ಲಾ ಎದ್ಬಿಡ್ತಲ್ಲಮ್ಮ. ಈಗ ಏಳಿದ್ರೆ ನಿನ್ನ ಕೆಲ್ಸ ಓಗುತ್ತೆ ಅಂದ್ಕೊಂಡೆ. ಬೀಳಲ್ಲ, ತಾನಾಗೇ ತಣ್ಣಗಾಗುತ್ತೆ ಅಂದ್ಕೊಂಡೆ. ಇವತ್ತು ಬಸ್ಸು ಬಂದು ನಿಂತ್ಕೊಂತು ನೋಡು."

ಅಪ್ಪನ ಗ್ಯಾಂಗಿನ ಈ ಕತೆಗಳು ನನಗೆ ಹೊಸವಲ್ಲ. ಟಿಫಿನ್ ಕ್ಯಾರಿಯರಿನಲ್ಲಿ, ಹೆಲ್ಮೆಟ್ಟಿನ ಪಟ್ಟಿಯಡಿ, ಬೀಡಿ ಕಟ್ಟಿನಲ್ಲಿ ಅದಿರಿನ ಚೂರು ಬಂದ ಸಾಹಸಗಳನ್ನು ಕೇಳುತ್ತಲೇ ಬೆಳೆದವಳು ನಾನು. ಆದರೂ ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಬೇರೆಯೇ. ಇವನಿಗೆ ಮನೆ ಬಿಟ್ಟು ಹೋಗಲು ಇಷ್ಟವಿಲ್ಲ. ಅದಕ್ಕೇ ಕತೆ ಕಟ್ಟುತ್ತಿದ್ದಾನೆ.

"ಅಪ್ಪಾ, ಸಾಕು" ಎಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಸುಳ್ಳು ಹೇಳಿ ಇಲ್ಲೇ ಉಳ್ಕೊಬೇಕು ಅಂತ ನೋಡ್ಬೇಡ. ನಾಡಿದ್ದು ಈ ಸೂರು ನಿನ್ನ ತಲೆ ಮೇಲೆ ಬೀಳುತ್ತೆ."

"ಸುಳ್ಳಲ್ಲಮ್ಮ. ನಡುವಿನ ತುಂಡು ಐತೆ, ನಾಕನೇದು. ಅದನ್ನ ಕೊಟ್ಟಿಲ್ಲ. ಬಚ್ಚಲ ಮನೆ ಹಂಡೆ ಒಲೆ ಬೂದಿ ಒಳಗೈತೆ. ತೆಗ್ದು ಉಳಿದವುಕ್ಕೆ ಇಟ್ಟು ನೋಡು, ಕೂಡ್ಕೊಳ್ಳುತ್ತೆ."

ಹೊರಗೆ ಬಸ್ಸು ಹಾರನ್ ಹೊಡೆಯಿತು. ತಹಶೀಲ್ದಾರ್ ಮೇಡಂ ಬೀದಿಯಲ್ಲಿ ನಿಂತು ಹೆಸರು ಕೂಗುತ್ತಿದ್ದರು. ಪ್ರಯೋಗಾಲಯಕ್ಕೆ ಹೋಗಿ ಕಲ್ಲು ಕೂಡಿಸಿ ನೋಡಿ ಬರಲು ಒಂದು ಗಂಟೆಯಾದರೂ ಬೇಕು. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಅಪ್ಪ ಉಳಿದಿರುತ್ತಾನೆ, ಅವನಿಗೆ ಬೇಕಾದದ್ದೂ ಅದೇ. ಹೀಗೆ ಯೋಚಿಸಿದೆ ನಾನು. ಅದು ಅವನಿಗೆ ನನ್ನ ಮುಖದ ಮೇಲೇ ಕಂಡಿರಬೇಕು.

ಅಪ್ಪ ಕೋಲು ತೆಗೆದುಕೊಂಡು ಎದ್ದ.

"ಸರಿ. ನಾನು ಬಸ್ ಅತ್ತುತೀನಿ. ಆಗ ನೋಡ್ತೀಯಲ್ಲ?"

"ಏನು?"

"ನಾನು ಇಲ್ಲಿ ಉಳ್ಕೊಳ್ಳೋಕೆ ಏಳ್ತಿಲ್ಲ ಅಂತ ಆಯ್ತಲ್ಲ. ನಾನು ಓಗ್ತೀನಿ, ನೀನು ಬೂದಿ ತೆಗ್ದು ನೋಡು. ನನ್ನ ಜತೆ ಬರ್ಬೇಡ. ಬಸ್ಸಲ್ಲಿರೋ ಆ ಅನ್ನೊಂದು ಜನಾನೂ ನನ್ನ ಜತೆ ಕೆಳಗಿಳ್ದೋರು ವೇಣಿ. ನನ್ನ ಕಲ್ಲಿಂದ ಅವ್ರು ದಾರೀಲಿ ಸಾಯ್ಬಾರ್ದು."

ಬಾಗಿಲು ತೆಗೆದು ಅವನೇ ಹೊರಟ. ಬೀದಿಯುದ್ದಕ್ಕೂ ಮೂರು ಕಡೆ ನಿಂತು ಉಸಿರೆಳೆದುಕೊಂಡ. ಆರೋಗ್ಯಮೇರಿ ಅಕ್ಕ ಅವನ ಚೀಲ ಹೊತ್ತು ಹಿಂದೆ ಹೋದರು. ಬಸ್ಸಿನ ಮೆಟ್ಟಿಲಿಗೆ ಅವನನ್ನು ನಾನೇ ಎತ್ತಿ ಹತ್ತಿಸಿದೆ. ನರ್ಸ್ ಒಬ್ಬಳು ಸಿಲಿಂಡರಿಗೆ ಮಾಸ್ಕ್ ಜೋಡಿಸಿದಳು. ಕಿಟಕಿಯ ಪಕ್ಕ ಕೂತು, ಕೈಯಲ್ಲಿ ನನಗೆ ಹೋಗು ಹೋಗು ಎಂದು ಸನ್ನೆ ಮಾಡಿದ. ಗಂಟೆ ಒಂಬತ್ತೂವರೆ.

ಹಂಡೆ ಒಲೆ ಉರಿದು ಎಷ್ಟೋ ವರ್ಷವಾಗಿದೆ. ಬೂದಿ ಗಟ್ಟಿಯಾಗಿ ಕೂತಿರಬೇಕಿತ್ತು, ಆದರೆ ಮೆತ್ತಗಿತ್ತು. ಮೊಣಕೈವರೆಗೆ ಕೈ ಹಾಕಿದೆ. ಹಳೆಯ ಬನಿಯನ್ನಿನಲ್ಲಿ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದರೆ 'ನಡುವಿನ ತುಂಡು', ಒಂದು ಮೋಸಂಬಿಯಷ್ಟು, ಸುತ್ತ ತೆಳು ಪಟ್ಟಿಯಷ್ಟು ಕರಿ ಸಿಪ್ಪೆ, ಉಳಿದೆಲ್ಲ ಒಡೆದ ಮುಖಗಳು. ಒಂದು ಅಂಚಿನಲ್ಲಿ ಸುತ್ತಿಗೆಯ ಏಟಿನ ಬಿಳಿ ಗುರುತು. ಅದನ್ನು ಬಾಗಿಲ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ.

ಆದರೂ ನನ್ನೊಳಗಿನ ಅನುಮಾನ ಸಾಯಲಿಲ್ಲ ನೋಡಿ. ಇದು ಬೇರೆ ದಿನ ಬಿದ್ದದ್ದಾಗಿದ್ದರೆ? ಬಸ್ಸನ್ನು ವಾಪಸು ಕರೆಸಿ, ನಾಡಿದ್ದು ನಿಜವಾಗಿಯೂ ಬಿದ್ದರೆ? ಸ್ಕೂಟರಿನಲ್ಲಿ ಶಾಫ್ಟಿಗೆ ಹೋದೆ. ಕೇಜ್, ಅಂದರೆ ಗಣಿಯ ಲಿಫ್ಟು, ಕೆಳಗಿಳಿಯಲು ಆರು ನಿಮಿಷ. ಆ ಆರು ನಿಮಿಷ ಕಲ್ಲನ್ನು ಹೊಟ್ಟೆಗೊತ್ತಿಕೊಂಡು ನಿಂತಿದ್ದೆ. ಹೆರಂಜಾಲ್ ಸರ್ ಒಬ್ಬರೇ ಕೆಳಗೆ ಯಂತ್ರಗಳನ್ನು ಬಂದ್ ಮಾಡುತ್ತಿದ್ದರು. ನನ್ನ ಬೂದಿ ಮೆತ್ತಿದ ಕೈಯಲ್ಲಿದ್ದ ಕಲ್ಲು ನೋಡಿ, ಉಳಿದವನ್ನು ಇಟ್ಟಿದ್ದ ಕಪಾಟಿನ ಬೀಗ ತೆಗೆದರು.

ಮೊದಲ ಕಲ್ಲನ್ನು ಕೊಯ್ದು ಬೇರೆ ಬೇರೆ ಪ್ರಯೋಗಾಲಯಗಳಿಗೆ ಹಂಚಿದ್ದೆವು, ಆದರೆ ಅದರ ಪ್ಲಾಸ್ಟರ್ ಅಚ್ಚು ಇತ್ತು. ಎರಡನೆಯದೂ ಮೂರನೆಯದೂ ಇಡಿಯಾಗಿದ್ದವು. ಈ ಮೂರನ್ನೂ ಒಂದಕ್ಕೊಂದು ಹಿಡಿದು ನೋಡಬೇಕೆಂದು ನಮಗೆ ಎಂದೂ ತೋಚಿರಲಿಲ್ಲ. ತೋಚಿದ್ದರೂ ಪ್ರಯೋಜನವಿರಲಿಲ್ಲ, ಅವು ಎಲ್ಲೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ನಡುವೆ ಜಾಗ ಖಾಲಿಯಿತ್ತು. ಅಪ್ಪನ ತುಂಡನ್ನು ಮೂರನೆಯದರ ಮೇಲಿಟ್ಟು ಸ್ವಲ್ಪ ತಿರುಗಿಸಿದೆ. ಅದು ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಬಿಳಿ ಚೂರೊಂದು ಅರ್ಧ ಇದರಲ್ಲಿ ಅರ್ಧ ಅದರಲ್ಲಿ ಇದ್ದದ್ದು ಇಡಿಯಾಯಿತು. ಎರಡನೆಯದೂ ಕೂತಿತು. ಅಚ್ಚೂ ಕೂತಿತು. ಹೊರಗೆಲ್ಲ ಕರಿ ಸಿಪ್ಪೆ, ಒಂದೇ ಕಲ್ಲು, ಮೇಜಿನ ಮೇಲೆ.

"ದಿನಾಂಕ ಬದಲಾಯಿಸಿ" ಎಂದರು ಹೆರಂಜಾಲ್.

ಮೂರೂ ಮಾರ್ಚ್ ಹನ್ನೊಂದಕ್ಕೆ ಬಿದ್ದವೆಂದು ಕೊಟ್ಟು ಲೆಕ್ಕ ಓಡಿಸಿದೆ. ಅರವತ್ತು, ಅರವತ್ತು, ಅರವತ್ತು. ನಾವು ಹೆಚ್ಚಿನ ಪ್ರಯಾಣ ಎಂದುಕೊಂಡದ್ದೆಲ್ಲ ಹಂಡೆ ಒಲೆಯ ಬೂದಿಯಲ್ಲಿ ಬೆರಿಲಿಯಂ ಖಾಲಿಯಾದ ಹತ್ತು, ಇಪ್ಪತ್ತು ದಿನಗಳು, ಲೆಕ್ಕದಲ್ಲಿ ಎರಡೂವರೆ ಪಟ್ಟು ಹಿಗ್ಗಿ ಕಂಡಿದ್ದವು. ಚಂದ್ರನಿಗೆ ಒಂದು ಸಲ ಏನೋ ಬಡಿದಿದ್ದು ನಿಜ, ಅದರ ಒಂದು ಚೂರು ನಮ್ಮ ಹಿತ್ತಲಿಗೆ ಬಿದ್ದಿದ್ದೂ ನಿಜ. ಸಾಲು ಇಲ್ಲ, ನಾಲ್ಕನೆಯದಿಲ್ಲ, ಊರ ಮೇಲೆ ಬೀಳುವುದು ಏನೂ ಇಲ್ಲ. ಅಪ್ಪ ಸುಳ್ಳು ಹೇಳಿದಾಗ ಅದರ ಮೇಲೆ ಇಡೀ ಊರನ್ನು ನಿಲ್ಲಿಸಿದೆ. ನಿಜ ಹೇಳಿದಾಗ ಸಾಕು ಎಂದೆ.

ಕೆಳಗೆ ಫೋನ್ ಸಿಗುವುದಿಲ್ಲ. ಕೇಜ್ ಮೇಲಕ್ಕೆ ಮತ್ತೆ ಆರು ನಿಮಿಷ. ಹೊರಗಿನ ಬೆಳಕಿಗೆ ಬಂದ ತಕ್ಷಣ ಸರ್ ಸಮಿತಿಗೆ ಫೋನ್ ಮಾಡಿದರು, ನಾನು ತಹಶೀಲ್ದಾರ್ ಮೇಡಂಗೆ. ಅವರು, "ಬರಹದಲ್ಲಿ ಕೊಡ್ತೀರಾ?" ಎಂದರು. ಕೊಡ್ತೀನಿ, ಮೊದಲು ಬಸ್ ನಿಲ್ಲಿಸಿ ಎಂದು ಕಿರುಚಿದೆ.

ಬಂಗಾರಪೇಟೆ ರಸ್ತೆಯಲ್ಲಿ, ಹೊಂಗೆ ಮರಗಳ ಸಾಲಿನ ಕೆಳಗೆ ಬಸ್ಸು ನಿಂತಿತ್ತು. ಸರ್ ಕಾರು ನಿಲ್ಲಿಸುವ ಮೊದಲೇ ಬಾಗಿಲು ತೆಗೆದು ಓಡಿದೆ. ಬಸ್ಸಿನೊಳಗೆ ಬೆಂಕಿಯಂಥ ಸೆಕೆ. ಅಪ್ಪನ ತುಟಿ ನೀಲಿಗಟ್ಟಿತ್ತು. ಪ್ರತಿ ಉಸಿರಿಗೂ ಭುಜ ಎರಡೂ ಮೇಲೆ ಬರುತ್ತಿದ್ದವು. ನರ್ಸ್ ಎರಡನೇ ಸಿಲಿಂಡರು ಜೋಡಿಸಿದ್ದಳು, ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ನನ್ನನ್ನು ಕಂಡು ಅಪ್ಪ ಮಾಸ್ಕನ್ನು ಒಂದು ಬೆರಳಿನಿಂದ ಸರಿಸಿದ.

"ಕೂಡ್ಕೊಂತಾ?"

"ಕೂಡ್ತಪ್ಪ. ಕೂದಲು ತೂರದಷ್ಟು ಕೂಡ್ತು. ನೀನು ಹೇಳಿದ್ದೇ ನಿಜ." ನನಗೆ ಅಳು ತಡೆಯಲಾಗಲಿಲ್ಲ. "ನಾನು ನಂಬ್ಲಿಲ್ಲ ಅಪ್ಪ. ತಪ್ಪಾಯ್ತು."

"ಒಡ್ದೋನು ನಾನಲ್ವಾ. ಅಂಚು ಮುಕ್ಕಾಗ್ದಂಗೆ ಒಡೀಬೇಕು. ಅದು ಎಲ್ಲಾರ್ಗೂ ಬರಲ್ಲ." ಅಷ್ಟು ಹೇಳಲು ನಾಲ್ಕು ಉಸಿರು ಬೇಕಾಯಿತು. ಮಾಸ್ಕ್ ಒಳಗೆ ನಗುತ್ತಿದ್ದ. "ನಿನ್ನ ಸಾಯೇಬ್ರು ಬೈದ್ರಾ?"

"ಬೈದ್ರೆ ಬೈಲಿ ಬಿಡು."

ಹಿಂದಿನ ಸೀಟಿನವರಿಗೆಲ್ಲ ವಿಷಯ ತಿಳಿಯಿತು. ಗಣಿ ಕಾಲದಿಂದ ಒಟ್ಟಿಗೆ ಬೀಡಿ ಸೇದಿದವರು ಸುಮ್ಮನಿರುತ್ತಾರಾ? "ಲೇ ಪಿಳ್ಳಪ್ಪ, ನಿನ್ನ ಕಳ್ಳಬುದ್ಧಿಯಿಂದ ನಮ್ಗೆ ಬಿಟ್ಟಿ ಟೂರ್ ಆಯ್ತಲ್ಲೋ" ಎಂದ ಒಬ್ಬ. ಇನ್ನೊಬ್ಬ, "ಪಾಲು ಕೊಡ್ದೆ ಒಲೇಲಿ ಬಚ್ಚಿಟ್ಟವ್ನೆ ನೋಡು" ಎಂದ. ಬಸ್ಸಿನ ತುಂಬ ನಗು, ನಗುವಿನ ಹಿಂದೆಯೇ ಕೆಮ್ಮು. ಅಪ್ಪ ತಿರುಗದೆಯೇ ಕೈಯೆತ್ತಿ ಅವರಿಗೆ ಬೈಗುಳದ ಸನ್ನೆ ಮಾಡಿದ.

"ತಿರುಗಿಸ್ಲಾ ಮೇಡಂ?" ಡ್ರೈವರು ಕೇಳಿದ.

"ತಿರುಗಿಸಿ. ನಿಧಾನವಾಗಿ."

ಅಪ್ಪನ ಪಕ್ಕ ಕೂತೆ. ಅವನು ತಲೆಯನ್ನು ನನ್ನ ಭುಜಕ್ಕೆ ಒರಗಿಸಿದ. ನಾನು ಅವನ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಅವನಿಗೆ ಹೇಳುತ್ತಲೇ ಹೋದೆ: ಯಾವ ತುಂಡು ಎಲ್ಲಿ ಕೂತಿತು, ಬಿಳಿ ಚೂರು ಹೇಗೆ ಇಡಿಯಾಯಿತು, ಹೆರಂಜಾಲ್ ಸರ್ ಕನ್ನಡಕ ಒರೆಸಲೂ ಮರೆತರು ಎಂದೆಲ್ಲ. ರಸ್ತೆ ಕೆಟ್ಟಿತ್ತು, ಗುಂಡಿ ಬಂದಾಗಲೆಲ್ಲ ಅವನ ತಲೆ ಜಾರದಂತೆ ಭುಜ ಎತ್ತಿ ಹಿಡಿಯುತ್ತಿದ್ದೆ. ಎದುರಿಗೆ ಎರಡನೇ ಬಸ್ಸು, ಮೂರನೇ ಬಸ್ಸು ಖಾಲಿಯಾಗಿ ವಾಪಸು ಹೋಗುತ್ತಿದ್ದವು. ಅಪ್ಪ ನಿದ್ದೆ ಹೋದನೆಂದುಕೊಂಡು ನನ್ನ ದನಿ ತಗ್ಗಿಸಿದೆ.

ಲೈನಿನ ತುದಿಯಲ್ಲಿ ಜನ ಸೇರಿದ್ದರು. ಆರೋಗ್ಯಮೇರಿ ಅಕ್ಕ ಓಡಿಬಂದು ಕಿಟಕಿಯೊಳಗೆ ಕೈ ಹಾಕಿ ಅಪ್ಪನ ಗಲ್ಲ ಮುಟ್ಟಿದರು. ಮುಟ್ಟಿ ಹಾಗೇ ನಿಂತರು. ನನ್ನ ಮುಖ ನೋಡಿದರು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ಡಾಕ್ಟರು ಬಂದು ನೋಡಿ, ಮಾಸ್ಕ್ ತೆಗೆದು, ಸಿಲಿಂಡರಿನ ಕೀಲಿ ತಿರುಗಿಸಿ ನಿಲ್ಲಿಸಿದರು. ಬಸ್ಸಿನ ಮೆಟ್ಟಿಲ ಮೇಲೇ ಕೂತು ಫಾರಂ ತುಂಬತೊಡಗಿದರು. ಹೆಸರು, ವಯಸ್ಸು, ಕಾರಣ. ಆಮೇಲೆ ಪೆನ್ನು ಹಿಡಿದುಕೊಂಡೇ ತಲೆಯೆತ್ತಿ, "ಎಷ್ಟು ಗಂಟೆಗೆ ಹೋದ್ರು?" ಎಂದು ಕೇಳಿದರು.

"ಹತ್ತೂಮುಕ್ಕಾಲಿಗೆ ಮಾತಾಡಿದ್ರು" ಎಂದೆ. "ಹನ್ನೊಂದೂಕಾಲಿಗೆ ಇಲ್ಲಿಗೆ ಬಂದ್ವಿ."

"ಅದರ ನಡುವೆ ಯಾವಾಗ?"

"ಗೊತ್ತಿಲ್ಲ ಡಾಕ್ಟರೇ. ನಾನು ಪಕ್ಕದಲ್ಲೇ ಕೂತಿದ್ದೆ."